ಡಿಗ್ರಿ ಅಳೆದವರು ಲೀಟರ್ ಅಳೆಯಲಿಲ್ಲ

ಕಾರ್ಖಾನೆಯ ಹೆಬ್ಬಾಗಿಲಿನ ಮೇಲೆ ಕೆಂಪು ಅಂಕಿಗಳು ಮಿನುಗುವ ಫಲಕವೊಂದನ್ನು ತೂಗುಹಾಕುವುದು ಈಗ ರೂಢಿಯಾಗಿದೆ. ದೂಳುಕಣ ಇಷ್ಟು ಮಿಲಿಗ್ರಾಂ, ಗಂಧಕದ ಡೈಆಕ್ಸೈಡ್ ಇಷ್ಟು, ನೈಟ್ರೋಜನ್ ಆಕ್ಸೈಡ್ ಇಷ್ಟು. ಪಕ್ಕದಲ್ಲಿ ಸರ್ಕಾರ ವಿಧಿಸಿದ ಮಿತಿ. ಹೊಗೆಯ ಬಗ್ಗೆ ಎದ್ದುನಿಂತು ಪ್ರಶ್ನಿಸುವ ರೈತನಿಗೆ ಕಾರ್ಖಾನೆಯವರು ತೋರಿಸುವುದು ಈ ಫಲಕವನ್ನೇ. ಇಲ್ಲಿರುವುದು ಮನುಷ್ಯರ ಮಾತಲ್ಲ, ಯಂತ್ರದ ಅಂಕಿ, ಅದು ದಿನದ 24 ಗಂಟೆಯೂ ಮಾಲಿನ್ಯ ನಿಯಂತ್ರಣ ಮಂಡಳಿಯ ಕಂಪ್ಯೂಟರಿಗೆ ನೇರವಾಗಿ ಹೋಗುತ್ತದೆ, ಇನ್ನೇನು ಅನುಮಾನ? ಎಂಬುದು ಅವರ ವಾದ. ರೈತ ಸುಮ್ಮನಾಗುತ್ತಾನೆ. ತನ್ನ ಕಣ್ಣು, ಮೂಗು, ತೋಟದ ಎಲೆಯ ಮೇಲಿನ ಬೂದಿ ಇವೆಲ್ಲ ಒಂದು ಅಂಕಿಯ ಎದುರು ಸಾಕ್ಷ್ಯವೇ ಅಲ್ಲವೆಂದು ಅವನಿಗೂ ಅನ್ನಿಸತೊಡಗುತ್ತದೆ.

ಆದರೆ ಅದೇ ರೈತ ಪ್ರತಿದಿನ ಬೆಳಿಗ್ಗೆ ಇನ್ನೊಂದು ಅಳತೆಯ ಮುಂದೆ ನಿಲ್ಲುತ್ತಾನೆ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಅವನ ಕ್ಯಾನಿನ ಹಾಲಿಗೆ ಎರಡು ಪರೀಕ್ಷೆಗಳಿವೆ. ಲ್ಯಾಕ್ಟೋಮೀಟರ್ ಇಳಿಸಿ ಡಿಗ್ರಿ ನೋಡುತ್ತಾರೆ, ಕೊಬ್ಬಿನಂಶ ನೋಡುತ್ತಾರೆ. ಆಮೇಲೆ ಎಷ್ಟು ಲೀಟರ್ ಎಂದು ಅಳೆಯುತ್ತಾರೆ. ಎರಡೂ ಪುಸ್ತಕಕ್ಕೆ ಏರಿದ ಮೇಲೆಯೇ ಹಣದ ಲೆಕ್ಕ. ಡಿಗ್ರಿ ಮಾತ್ರ ನೋಡಿ ಲೀಟರ್ ಬಿಟ್ಟರೆ ಸಂಘ ನಡೆಯುವುದಿಲ್ಲ. ಲೀಟರ್ ಮಾತ್ರ ನೋಡಿ ಡಿಗ್ರಿ ಬಿಟ್ಟರೆ ಊರಿನ ಬಾವಿಗಳೆಲ್ಲ ಹಾಲು ಕೊಡತೊಡಗುತ್ತವೆ. ಇದು ನಾಲ್ಕನೆಯ ತರಗತಿ ಓದಿದವರಿಗೂ ತಿಳಿಯುವ ಸಂಗತಿ. ದೇಶದ ಪರಿಸರ ಆಡಳಿತ ಮಾತ್ರ ಚಿಮಣಿಯ ಹೊಗೆಗೆ ಡಿಗ್ರಿಯನ್ನಷ್ಟೇ ನೋಡುತ್ತ ಬಂದಿದೆ. ಲೀಟರ್ ಎಷ್ಟೆಂದು ಫಲಕ ಹೇಳುವುದಿಲ್ಲ. ಮಿತಿಯೂ ಬಹುಮಟ್ಟಿಗೆ ಅದನ್ನು ಕೇಳುವುದಿಲ್ಲ.

ಫಲಕದ ಮೇಲಿನ ಅಂಕಿ ಸಾಂದ್ರತೆಯದು. ಒಂದು ಘನ ಮೀಟರ್ ಅನಿಲದಲ್ಲಿ ಎಷ್ಟು ಮಿಲಿಗ್ರಾಂ ದೂಳು ಅಥವಾ ಗಂಧಕದ ಡೈಆಕ್ಸೈಡ್ ಇದೆ ಎಂಬುದಷ್ಟೇ ಅದರ ಅರ್ಥ. ಗಂಟೆಗೆ ಎಷ್ಟು ಘನ ಮೀಟರ್ ಅನಿಲ ಹೊರಬಿತ್ತು ಎಂಬುದು ಗೊತ್ತಾಗುವವರೆಗೂ ಊರಿನ ಮೇಲೆ ಎಷ್ಟು ಕಿಲೋ ವಿಷ ಬಿತ್ತು ಎಂಬುದು ಗೊತ್ತಾಗುವುದಿಲ್ಲ. ಲೆಕ್ಕ ಸುಲಭವಾದದ್ದು. ಮಿತಿ 150 ಮಿಲಿಗ್ರಾಂ ಎಂದಿಟ್ಟುಕೊಳ್ಳಬಹುದು. ಒಂದು ದೊಡ್ಡ ಕಾರ್ಖಾನೆ ಘನ ಮೀಟರಿಗೆ 40 ಮಿಲಿಗ್ರಾಂ ದೂಳು ಬಿಡುತ್ತದೆ, ಆದರೆ ಗಂಟೆಗೆ 5 ಲಕ್ಷ ಘನ ಮೀಟರ್ ಅನಿಲ ಹೊರಹಾಕುತ್ತದೆ. ದಿನಕ್ಕೆ 480 ಕಿಲೋ ದೂಳಾಯಿತು. ಪಕ್ಕದ ಸಣ್ಣ ಬಾಯ್ಲರು 160 ಮಿಲಿಗ್ರಾಂ ಬಿಡುತ್ತದೆ, ಗಂಟೆಗೆ 10 ಸಾವಿರ ಘನ ಮೀಟರ್. ದಿನಕ್ಕೆ 38 ಕಿಲೋ ಚಿಲ್ಲರೆ. ನೋಟಿಸ್ ಹೋಗುವುದು ಎರಡನೆಯವನಿಗೆ. ಮೊದಲನೆಯವನ ಗೋಡೆಯ ಮೇಲೆ ಪರಿಸರ ಪ್ರಶಸ್ತಿ ಪತ್ರ ತೂಗಿದರೂ ಆಶ್ಚರ್ಯವಿಲ್ಲ. ಸಣ್ಣವನದು ತಪ್ಪಲ್ಲವೆಂದು ಇದರ ಅರ್ಥವಲ್ಲ. ಆದರೆ ಊರಿನ ಶ್ವಾಸಕೋಶಕ್ಕೆ ಸೇರುವುದು ಕಿಲೋಗಳು, ಅನುಪಾತಗಳಲ್ಲ.

ಹಾಲಿನ ಹೋಲಿಕೆ ಒಂದೆಡೆ ತಲೆಕೆಳಗಾಗುತ್ತದೆ. ವಿಷಯದ ಸೊಗಸೆಲ್ಲ ಇರುವುದು ಅಲ್ಲಿಯೇ. ಹಾಲಿಗೆ ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ, ರೈತನಿಗೆ ನಷ್ಟವಾಗುತ್ತದೆ. ಹೊಗೆಗೆ ಗಾಳಿ ಬೆರೆಸಿದರೂ ಸಾಂದ್ರತೆ ಇಳಿಯುತ್ತದೆ, ಆದರೆ ಕಾರ್ಖಾನೆಗೆ ಶಹಬ್ಬಾಸ್‌ಗಿರಿ ಸಿಗುತ್ತದೆ. ಹೊಗೆಯ ನಾಳದ ಸಂದಿಯೊಂದು ಸಡಿಲವಾಗಿ ಹೊರಗಾಳಿ ಒಳಗೆ ಎಳೆಯಲ್ಪಟ್ಟರೂ ಸಾಕು, ಬೀಸಣಿಗೆ ಹೆಚ್ಚು ಗಾಳಿ ತಳ್ಳಿದರೂ ಸಾಕು. ಒಂದು ಕಿಲೋ ದೂಳು ಕಡಿಮೆಯಾಗದೆಯೇ ಅಂಕಿ ಅರ್ಧಕ್ಕಿಳಿಯಬಹುದು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಉರಿದ ಅನಿಲದಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅಳೆದರೆ ಎಷ್ಟು ಗಾಳಿ ಬೆರೆತಿದೆ ಎಂಬುದು ಬಯಲಾಗುತ್ತದೆ. ಹೊರಗಾಳಿಯಲ್ಲಿ ಆಮ್ಲಜನಕ ಸುಮಾರು 21 ಭಾಗ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಅನಿಲವನ್ನು ಶೇಕಡಾ 6 ಆಮ್ಲಜನಕದ ಸ್ಥಿತಿಗೆ ತಂದು ಹೋಲಿಸಬೇಕೆಂಬುದು ನಿಯಮ. ಚಿಮಣಿಯಲ್ಲಿ ಆಮ್ಲಜನಕ 15 ಇದ್ದು ದೂಳು 60 ಮಿಲಿಗ್ರಾಂ ಎಂದು ಯಂತ್ರ ತೋರಿಸಿದರೆ, 21ರಿಂದ 6 ಕಳೆದು ಬಂದ 15ನ್ನು, 21ರಿಂದ 15 ಕಳೆದು ಬಂದ 6ರಿಂದ ಭಾಗಿಸಿ, ಆ ಎರಡೂವರೆಯಿಂದ 60ನ್ನು ಗುಣಿಸಬೇಕು. ನಿಜವಾದ ಅಂಕಿ 150. ಫಲಕದಲ್ಲಿ 60 ಇದ್ದರೆ ಅದು ತಿದ್ದುವ ಮೊದಲಿನದೋ ತಿದ್ದಿದ ಮೇಲಿನದೋ ಎಂದು ಕೇಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಕೇಳುವವರು ಬಹಳ ಕಡಿಮೆ. ಕೇಳದಿರುವುದರಲ್ಲಿ ಜನರ ತಪ್ಪೂ ಇಲ್ಲ. ಉಷ್ಣ ವಿದ್ಯುತ್ ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯ ಹೊಸ ಮಿತಿಗಳನ್ನು ಪ್ರಕಟಿಸಿದ್ದು 2015ರ ಡಿಸೆಂಬರಿನಲ್ಲಿ. ಅಳೆದ ಅಂಕಿಗಳನ್ನು ಶೇಕಡಾ 6 ಆಮ್ಲಜನಕಕ್ಕೆ ತಿದ್ದಬೇಕೆಂಬ ಸಾಲು ಅಧಿಸೂಚನೆಯಾಗಿ ಬಂದದ್ದು 2018ರ ಜೂನಿನಲ್ಲಿ. ಎರಡೂವರೆ ವರ್ಷ ಮಿತಿ ಇತ್ತು, ಅದನ್ನು ಯಾವ ಗಾಳಿಯಲ್ಲಿ ಅಳೆಯಬೇಕೆಂಬುದು ಇರಲಿಲ್ಲ. ತಕ್ಕಡಿಯ ತಟ್ಟೆಗಳನ್ನು ಇಟ್ಟು ಬೊಟ್ಟನ್ನು ಆಮೇಲೆ ಕಳಿಸುತ್ತೇವೆ ಎಂದ ಹಾಗೆ.

ಇನ್ನೊಂದು ಸೂಕ್ಷ್ಮವಿದೆ. ಬಿಸಿ ಅನಿಲ ಹಿಗ್ಗುತ್ತದೆ. ಆದ್ದರಿಂದ ಘನ ಮೀಟರನ್ನು ಒಂದು ನಿಶ್ಚಿತ ಉಷ್ಣತೆಗೆ ತಂದು ಹೇಳಬೇಕು. ಅದನ್ನೇ ‘ನಾರ್ಮಲ್’ ಘನ ಮೀಟರ್ ಎನ್ನುವುದು. ಯೂರೋಪಿನಲ್ಲಿ ಈ ನಾರ್ಮಲ್ ಎಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್. ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಾರ್ಮಲ್ ಎಂದರೆ 25 ಡಿಗ್ರಿ. ಅದೇ ಹೊಗೆ ಅಲ್ಲಿಗಿಂತ ಇಲ್ಲಿ ಸುಮಾರು ಶೇಕಡಾ 8ರಷ್ಟು ತೆಳುವಾಗಿ ಕಾಣುತ್ತದೆ. ‘ನಮ್ಮ ಮಿತಿ ಯೂರೋಪಿಗೆ ಸಮಾನ’ ಎಂಬ ಜಾಹೀರಾತು ಓದುವಾಗ ಇದು ನೆನಪಿರಬೇಕು.

ಈಗ ಲೀಟರಿನ ಮಾತು. ಚಿಮಣಿಯೊಳಗೆ ಅನಿಲದ ಹರಿವನ್ನು ಅಳೆಯುವುದು ಅಸಾಧ್ಯದ ಕೆಲಸವಲ್ಲ. ಎರಡು ಬಾಯಿಗಳ ಪಿಟೋ ಕೊಳವೆಯನ್ನು ಅಡ್ಡಲಾಗಿ ತೂರಿಸಿ, ಹರಿವಿಗೆ ಎದುರಾದ ಬಾಯಿಗೂ ಹಿಂಬದಿಯ ಬಾಯಿಗೂ ಇರುವ ಒತ್ತಡದ ವ್ಯತ್ಯಾಸದಿಂದ ವೇಗವನ್ನು ಲೆಕ್ಕಹಾಕುತ್ತಾರೆ. ಈಗ ಶ್ರವಣಾತೀತ ಧ್ವನಿಯ ಮಾಪಕಗಳೂ ಇವೆ. ಚಿಮಣಿಯ ಎರಡು ಬದಿಗಳಲ್ಲಿ ಓರೆಯಾಗಿ ಕೂರಿಸಿದ ಅವು ಹರಿವಿನ ಜೊತೆಗೂ ಹರಿವಿಗೆ ವಿರುದ್ಧವಾಗಿಯೂ ಧ್ವನಿ ಕಳಿಸಿ, ಎರಡು ಪ್ರಯಾಣಗಳ ಕಾಲದ ಅಂತರದಿಂದ ವೇಗ ತಿಳಿಯುತ್ತವೆ. ಬಿಸಿ ತಂತಿ ಎಷ್ಟು ಬೇಗ ತಣಿಯುತ್ತದೆ ಎಂಬುದರಿಂದ ಅಳೆಯುವ ಮಾಪಕಗಳೂ ಉಂಟು. ವೇಗ ತಿಳಿದ ಮೇಲೆ ಉಳಿದದ್ದು ಶಾಲೆಯ ಗಣಿತ. ಎರಡು ಮೀಟರ್ ವ್ಯಾಸದ ಚಿಮಣಿಯಲ್ಲಿ ಅನಿಲ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಏರಿದರೆ ಸೆಕೆಂಡಿಗೆ 31 ಘನ ಮೀಟರ್ ಚಿಲ್ಲರೆ ಹೊರಬೀಳುತ್ತದೆ. 125 ಡಿಗ್ರಿಯ ಬಿಸಿಯನ್ನು 25ಕ್ಕೆ ಇಳಿಸಿ, ಹತ್ತರಲ್ಲಿ ಒಂದು ಪಾಲು ನೀರಾವಿಯನ್ನು ಕಳೆದರೆ 21 ಘನ ಮೀಟರ್ ಉಳಿಯುತ್ತದೆ. ಅದರಲ್ಲಿ 150 ಮಿಲಿಗ್ರಾಂ ದೂಳಿದ್ದರೆ ದಿನವೊಂದಕ್ಕೆ 270 ಕಿಲೋಗೂ ಹೆಚ್ಚು. ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ ಐದು ಚೀಲ ತುಂಬಿ ಮಿಗುವಷ್ಟು. ಒಂದು ಸಾಧಾರಣ ಚಿಮಣಿ, ಮಿತಿಯನ್ನು ಒಂದು ಮಿಲಿಗ್ರಾಮಿನಷ್ಟೂ ಮೀರದೆ, ಪ್ರತಿದಿನ ಐದು ಚೀಲ ದೂಳನ್ನು ಆಕಾಶಕ್ಕೆ ಸುರಿಯಬಲ್ಲದು. ಫಲಕದ ಮೇಲೆ ‘150’ ಎಂದು ಬರೆಯುವುದಕ್ಕೂ ‘ಇಂದು ಐದು ಚೀಲ’ ಎಂದು ಬರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಕಾರ್ಖಾನೆಗಳು ಚೆನ್ನಾಗಿ ಬಲ್ಲವು.

ವಿಚಿತ್ರವೆಂದರೆ ಆಡಳಿತಕ್ಕೂ ಕಿಲೋಗಳ ಭಾಷೆ ಗೊತ್ತು. ಚಿಮಣಿ ಎಷ್ಟು ಎತ್ತರವಿರಬೇಕೆಂದು ನಿರ್ಧರಿಸುವ ಸೂತ್ರದಲ್ಲಿ ಸಾಂದ್ರತೆಗೆ ಸ್ಥಾನವೇ ಇಲ್ಲ. ಗಂಟೆಗೆ ಎಷ್ಟು ಕಿಲೋ ಗಂಧಕದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬುದನ್ನು 0.3ರ ಘಾತಕ್ಕೇರಿಸಿ 14ರಿಂದ ಗುಣಿಸಬೇಕು. ಗಂಟೆಗೆ 100 ಕಿಲೋ ಆದರೆ ಸುಮಾರು 56 ಮೀಟರ್ ಎತ್ತರ. ಅಂದರೆ ಕಟ್ಟುವ ದಿನ ಹೊರೆಯ ಲೆಕ್ಕ ಬೇಕು, ನಡೆಸುವ ದಿನ ಬೇಡ. ಮದುವೆಯ ಅಡುಗೆಗೆ ಅಕ್ಕಿ ಅಳೆದು, ಉಂಡವರ ಲೆಕ್ಕ ಬಿಟ್ಟಂತೆ. ಎತ್ತರದ ಚಿಮಣಿ ಕಿಲೋಗಳನ್ನು ಕಡಿಮೆ ಮಾಡುವುದಿಲ್ಲ, ಅವುಗಳನ್ನು ದೂರದ ಊರಿಗೆ ಹಂಚುತ್ತದೆ ಎಂಬುದನ್ನು ಘಟ್ಟದ ಜನಕ್ಕೆ ಯಾರೂ ವಿವರಿಸಬೇಕಾಗಿಲ್ಲ.

ತಕ್ಕಡಿ ಯಾರ ಕೈಯಲ್ಲಿದೆ ಎಂಬುದು ಇದಕ್ಕಿಂತಲೂ ಕಹಿಯಾದ ಪ್ರಶ್ನೆ. ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುವವಳ ತಕ್ಕಡಿಗೂ ಬೊಟ್ಟಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು, ಮುದ್ರೆಯಿಲ್ಲದಿದ್ದರೆ ದಂಡ. ಚಿಮಣಿಯ ಕಥೆ ಬೇರೆ. ಸಿಮೆಂಟ್, ಉಕ್ಕು, ಕಾಗದ, ಸಕ್ಕರೆ, ಡಿಸ್ಟಿಲರಿ, ರಸಗೊಬ್ಬರ, ತೈಲ ಸಂಸ್ಕರಣೆ, ಉಷ್ಣ ವಿದ್ಯುತ್ ಮುಂತಾದ 17 ಬಗೆಯ ಅತಿ ಮಾಲಿನ್ಯಕಾರಿ ಉದ್ಯಮಗಳು ನಿರಂತರ ನಿಗಾ ಉಪಕರಣಗಳನ್ನು ಕೂರಿಸಬೇಕೆಂದು ಕೇಂದ್ರ ಮಂಡಳಿ ನಿರ್ದೇಶನ ಕೊಟ್ಟಿದ್ದು 2014ರ ಫೆಬ್ರವರಿಯಲ್ಲಿ. ಈ ಉಪಕರಣಗಳಿಗೆ ದೇಶದೊಳಗೆ ಪ್ರಮಾಣಪತ್ರ ಕೊಡುವ ಹೊಣೆಯನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ವಹಿಸಿದ್ದು 2019ರ ಆಗಸ್ಟಿನಲ್ಲಿ. ಮೊದಲು ತಕ್ಕಡಿ ಕೊಳ್ಳಿರಿ ಎಂದು ಹುಕುಂ, ಐದೂವರೆ ವರ್ಷದ ಮೇಲೆ ಮುದ್ರೆಯವನ ನೇಮಕ. ಅಷ್ಟರೊಳಗೆ ಮಾರಾಟಗಾರರು ಬೇಕಾದ್ದನ್ನು ಮಾರಿದ್ದರು, ಉದ್ಯಮಗಳು ಅಗ್ಗವಾದದ್ದನ್ನು ಕೊಂಡಿದ್ದವು.

ಉಪಕರಣ ಎಷ್ಟೇ ಒಳ್ಳೆಯದಿರಲಿ, ಅದು ತಾನಾಗಿಯೇ ಸತ್ಯ ಹೇಳುವುದಿಲ್ಲ. ದೂಳಿನ ಮಾಪಕಗಳಲ್ಲಿ ಬಹುಪಾಲು ದೂಳನ್ನು ತೂಗುವುದೇ ಇಲ್ಲ. ಕೆಲವು ಬೆಳಕನ್ನು ಹಾಯಿಸಿ ಎಷ್ಟು ಮಂಕಾಯಿತು, ಎಷ್ಟು ಚದುರಿತು ಎಂದು ನೋಡುತ್ತವೆ. ಕೆಲವು ಲೋಹದ ಕಡ್ಡಿಗೆ ಕಣಗಳು ತಾಗಿ ಹೋಗುವಾಗ ಹುಟ್ಟುವ ವಿದ್ಯುದಾವೇಶವನ್ನು ಓದುತ್ತವೆ. ಆ ಮಂಕು, ಆ ಆವೇಶ ಎಷ್ಟು ಮಿಲಿಗ್ರಾಮಿಗೆ ಸಮ ಎಂಬುದನ್ನು ಮನುಷ್ಯನೇ ಅದಕ್ಕೆ ಕಲಿಸಬೇಕು. ಅದಕ್ಕಾಗಿ ಚಿಮಣಿಯ ಮೇಲಿನ ವೇದಿಕೆಗೆ ಹತ್ತಿ, ಅನಿಲದ ವೇಗಕ್ಕೆ ಸರಿಸಮನಾದ ವೇಗದಲ್ಲಿ ಅನಿಲವನ್ನು ಹೀರಿ, ಸೋಸುಕಾಗದದಲ್ಲಿ ದೂಳು ಹಿಡಿದು, ತೂಗಿ, ಆ ತೂಕವನ್ನು ಯಂತ್ರದ ಅಂಕಿಗೆ ಹೊಂದಿಸಬೇಕು. ಹೊಂದಿಸಿದ ಗುಣಾಂಕವನ್ನು ಯಂತ್ರದೊಳಗೆ ಬರೆದರೆ ಮುಂದೆ ಅದು ಆ ಗುಣಾಂಕದಿಂದಲೇ ಮಾತಾಡುತ್ತದೆ. ಗುಣಾಂಕವನ್ನು ಅರ್ಧ ಮಾಡಿ ಬರೆದರೆ ವರ್ಷಗಟ್ಟಲೆ ಅರ್ಧ ಸತ್ಯ, ಅದೂ 24 ಗಂಟೆ, ನೇರ ಪ್ರಸಾರದಲ್ಲಿ. ಕಲ್ಲಿದ್ದಲಿನಿಂದ ಸೌದೆಗೆ, ಸೌದೆಯಿಂದ ಹೊಟ್ಟಿಗೆ ಇಂಧನ ಬದಲಾದರೆ ಕಣಗಳ ಗಾತ್ರ, ಬಣ್ಣ ಎಲ್ಲವೂ ಬದಲಾಗಿ ಹಳೆಯ ಗುಣಾಂಕ ನಿಷ್ಪ್ರಯೋಜಕವಾಗುತ್ತದೆ. ಅನಿಲ ಮಾಪಕಗಳಿಗೆ ಶುದ್ಧ ನೈಟ್ರೋಜನ್ ಹಾಯಿಸಿ ಸೊನ್ನೆ ತೋರಿಸುತ್ತದೆಯೇ ಎಂದೂ, ಗೊತ್ತಿರುವ ಸಾಂದ್ರತೆಯ ಸಿಲಿಂಡರಿನ ಅನಿಲ ಹಾಯಿಸಿ ಆ ಅಂಕಿಯನ್ನೇ ತೋರಿಸುತ್ತದೆಯೇ ಎಂದೂ ಆಗಾಗ ಪರೀಕ್ಷಿಸಬೇಕು. ಖಾಲಿ ತಟ್ಟೆ ಮತ್ತು ಮುದ್ರೆಯ ಬೊಟ್ಟು, ಅಷ್ಟೇ. ಈ ಪರೀಕ್ಷೆ ಮಾಡುವ ಸಂಸ್ಥೆಯನ್ನು ಆರಿಸಿ ಹಣ ಕೊಡುವುದು ಸಾಮಾನ್ಯವಾಗಿ ಕಾರ್ಖಾನೆಯೇ.

ಮಲೆನಾಡಿನ ಹವೆಗೆ ಸೇರಿದ ಸಂಗತಿಯೊಂದು ಇಲ್ಲಿ ಉಲ್ಲೇಖನೀಯ. ಅನಿಲವನ್ನು ಚಿಮಣಿಯಿಂದ ಕೊಳವೆಯ ಮೂಲಕ ಕೆಳಗಿನ ಕೋಣೆಗೆ ಎಳೆದು ಪರೀಕ್ಷಿಸುವ ವ್ಯವಸ್ಥೆಗಳಲ್ಲಿ ಆ ಕೊಳವೆಯನ್ನು ಉದ್ದಕ್ಕೂ ಬಿಸಿಯಾಗಿ ಇಡಬೇಕು. ಅದು ತಣಿದರೆ ಅನಿಲದಲ್ಲಿನ ಆವಿ ನೀರಾಗಿ ಗೋಡೆಗೆ ಅಂಟುತ್ತದೆ. ಗಂಧಕದ ಡೈಆಕ್ಸೈಡ್ ಆ ನೀರಿನಲ್ಲಿ ಕರಗಿ ಅಲ್ಲಿಯೇ ಉಳಿಯುತ್ತದೆ. ಯಂತ್ರಕ್ಕೆ ತಲುಪುವುದು ಅದನ್ನು ಕಳೆದುಕೊಂಡ ಅನಿಲ. ಆಷಾಢದ ಜಡಿಮಳೆ, ದಿನಕ್ಕೆ ನಾಲ್ಕು ಬಾರಿ ಹೋಗುವ ಕರೆಂಟು, ಕೆಟ್ಟುಹೋದ ಒಂದು ಹೀಟರು ಇಷ್ಟು ಸಾಕು. ಯಾರೂ ಮೋಸ ಮಾಡಬೇಕಾಗಿಯೇ ಇಲ್ಲ. ಕೇವಲ ಯಾರೂ ರಿಪೇರಿ ಮಾಡದಿದ್ದರೆ ಸಾಕು. ಅಂಕಿ ಇಳಿದಾಗ ಯಾವ ಕಾರ್ಖಾನೆಯ ವ್ಯವಸ್ಥಾಪಕನೂ ಗಾಬರಿಯಾಗಿ ಮೆಕ್ಯಾನಿಕ್‌ಗೆ ಫೋನ್ ಮಾಡುವುದಿಲ್ಲ.

ಅಳೆಯುವವನಿಗೆ ಅಳೆಸಿಕೊಳ್ಳುವವನೇ ಸಂಬಳ ಕೊಟ್ಟರೆ ಏನಾಗುತ್ತದೆ ಎಂಬುದು ಈಗ ಊಹೆಯ ವಿಷಯವಾಗಿ ಉಳಿದಿಲ್ಲ. ಗುಜರಾತಿನಲ್ಲಿ ಉಚ್ಚ ನ್ಯಾಯಾಲಯದ 1996ರ ಆದೇಶದಿಂದಾಗಿ ಕಾರ್ಖಾನೆಗಳು ಪ್ರತಿವರ್ಷ ಖಾಸಗಿ ಪರಿಸರ ಲೆಕ್ಕಪರಿಶೋಧಕರಿಂದ ತಪಾಸಣೆ ಮಾಡಿಸಿಕೊಳ್ಳಬೇಕಾಗಿತ್ತು. ಪರಿಶೋಧಕನನ್ನು ಆರಿಸಿ ಹಣ ಕೊಡುವುದು ಕಾರ್ಖಾನೆಯೇ. ಎಸ್ತರ್ ದುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ ಮತ್ತು ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆಗೂಡಿ ಅಹಮದಾಬಾದ್ ಮತ್ತು ಸೂರತ್ ಪ್ರದೇಶದ 473 ಕಾರ್ಖಾನೆಗಳಲ್ಲಿ ಪ್ರಯೋಗ ನಡೆಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆಯ ಪದ್ಧತಿಯ ಪರಿಶೋಧಕರ ಪ್ರಕಾರ ದೂಳಿನ ಮಿತಿ ಮೀರಿದ ಕಾರ್ಖಾನೆಗಳು ಶೇಕಡಾ 7 ಮಾತ್ರ. ಸ್ವತಂತ್ರ ತಂಡ ಹೋಗಿ ಅಳೆದಾಗ ಶೇಕಡಾ 59. ವರದಿಯಾದ ಅಂಕಿಗಳು ಮಿತಿಯ ಕೆಳಗೆ, ಮಿತಿಗೆ ಆತುಕೊಂಡಂತೆ ಗುಂಪುಗೂಡಿದ್ದವು. ಪರೀಕ್ಷೆಯಲ್ಲಿ ಇಡೀ ತರಗತಿಗೆ 35 ಅಂಕ ಬಂದಂತೆ.

ಇನ್ನರ್ಧ ಕಾರ್ಖಾನೆಗಳಿಗೆ ಪರಿಶೋಧಕರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಲಾಯಿತು; ಅವರ ಸಂಬಳ ಕಾರ್ಖಾನೆಯಿಂದ ಬಾರದೆ ಒಂದು ಸಾಮಾನ್ಯ ನಿಧಿಯಿಂದ ಬಂತು; ಅವರು ಅಳೆದದ್ದನ್ನು ಇನ್ನೊಂದು ತಂಡ ಹಠಾತ್ತನೆ ಮರುಪರೀಕ್ಷಿಸಿತು. ಸುಳ್ಳು ವರದಿ ಶೇಕಡಾ 80ರಷ್ಟು ಇಳಿಯಿತು. ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಪರಿಶೋಧಕರು ಬೇರೆ ಲೋಕದಿಂದ ಬಂದವರಲ್ಲ, ಅದೇ ಊರಿನ ಅದೇ ಜನ. ಬದಲಾದದ್ದು ಸಂಬಳದ ಚೀಟಿಯ ಮೇಲಿನ ಸಹಿ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪರಿಸರ ಲೆಕ್ಕಪರಿಶೋಧನಾ ನಿಯಮಗಳಲ್ಲಿ ಪರಿಶೋಧಕರನ್ನು ಯಾದೃಚ್ಛಿಕವಾಗಿ ನೇಮಿಸುವ ಅಂಶ ಸೇರಿರುವುದು ಸ್ವಾಗತಾರ್ಹ. ಆದರೆ ಆ ಪ್ರಯೋಗದಲ್ಲಿ ಮೂರು ಕಾಲುಗಳಿದ್ದವು. ಸಾಮಾನ್ಯ ನಿಧಿ ಮತ್ತು ಹಠಾತ್ ಮರುಪರೀಕ್ಷೆ ಎಂಬ ಎರಡು ಕಾಲುಗಳನ್ನು ಬಿಟ್ಟು ಒಂದನ್ನೇ ಊರಿದರೆ ಮಣೆ ನಿಲ್ಲುವುದಿಲ್ಲ.

ಹೊರೆಯನ್ನು ಲೆಕ್ಕಕ್ಕೆ ತಂದಾಗ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಅಮೆರಿಕದ 1990ರ ಶುದ್ಧವಾಯು ಕಾಯ್ದೆಯ ತಿದ್ದುಪಡಿ ಆಮ್ಲಮಳೆಯನ್ನು ತಡೆಯಲು ವಿದ್ಯುತ್ ಸ್ಥಾವರಗಳಿಗೆ ಟನ್ನುಗಳ ಲೆಕ್ಕದಲ್ಲಿ ಗಂಧಕದ ಡೈಆಕ್ಸೈಡಿನ ಪಾಲು ಹಂಚಿತು. ಕಲ್ಲಿದ್ದಲಿನ ಚಿಮಣಿಗಳಲ್ಲಿ ಸಾಂದ್ರತೆಯ ಮಾಪಕದ ಜೊತೆಗೆ ಹರಿವುಮಾಪಕವೂ ಕಡ್ಡಾಯವಾಯಿತು. ಗಂಟೆಗಂಟೆಯ ಅಂಕಿ ಸಾರ್ವಜನಿಕ ದಾಖಲೆಯಾಯಿತು. ಮಾಪಕ ಕೆಟ್ಟು ಅಂಕಿ ಬಾರದಿದ್ದರೆ ಆ ಗಂಟೆಗಳು ಸೊನ್ನೆಯಾಗುವುದಿಲ್ಲ. ಕೆಟ್ಟ ಅವಧಿ ಹೆಚ್ಚಾದಷ್ಟೂ ಹೆಚ್ಚು ಹೆಚ್ಚು ಅಂಕಿಯನ್ನು ತುಂಬಲಾಗುತ್ತದೆ, ಕೊನೆಗೆ ಸಾಧ್ಯವಿರುವ ಗರಿಷ್ಠ ಅಂಕಿಯನ್ನು. ಹಾಗಾಗಿ ಮಾಪಕವನ್ನು ಸುಸ್ಥಿತಿಯಲ್ಲಿಡುವುದು ಕಂಪನಿಯ ಸ್ವಂತ ಹಿತವಾಯಿತು. ಭಾರತದಲ್ಲಿ ಸಂಪರ್ಕ ಕಡಿದುಹೋದರೆ ನೋಟಿಸ್ ಬರಬಹುದು, ಆದರೆ ಒಟ್ಟು ಲೆಕ್ಕವೇ ಇಲ್ಲದ ಕಡೆ ಕಾಣೆಯಾದ ಗಂಟೆಗೆ ಕಿಲೋಗಳ ಬೆಲೆ ತೆರುವವರಾರು?

ಆ ಕಥೆಯ ಒಂದು ಉಪಕಥೆ ಇನ್ನೂ ಸ್ವಾರಸ್ಯಕರ. ಚಿಮಣಿಯೊಳಗೆ ಅನಿಲ ನೇರವಾಗಿ ಏರದೆ ಸುಳಿಸುತ್ತಿದರೆ ಹಳೆಯ ಪಿಟೋ ವಿಧಾನ ಹರಿವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಹಿಂದೆ ಅದು ಯಾರಿಗೂ ತಲೆನೋವಾಗಿರಲಿಲ್ಲ. ಹರಿವಿಗೆ ಹಣದ ಬೆಲೆ ಬಂದೊಡನೆ ವಿದ್ಯುತ್ ಕಂಪನಿಗಳೇ ದೂರು ಒಯ್ದವು. 1999ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೆಚ್ಚು ನಿಖರವಾದ ಮೂರು ಹೊಸ ವಿಧಾನಗಳನ್ನು ಜಾರಿಗೆ ತಂದಿತು. ‘ಚಿಮಣಿಯ ಹರಿವನ್ನು ಸರಿಯಾಗಿ ಅಳೆಯಲು ತಾಂತ್ರಿಕವಾಗಿ ಕಷ್ಟ’ ಎಂದು ಈಗ ಹೇಳುವವರು ಇದನ್ನು ಓದಬೇಕು. ಸೂರತ್ತಿನಲ್ಲೂ 2019ರಿಂದ ಜವಳಿ ಮುಂತಾದ ಕಾರ್ಖಾನೆಗಳ ನಡುವೆ ದೂಳಿನ ಒಟ್ಟು ಹೊರೆಗೆ ಮಿತಿ ಹಾಕಿ, ನಿರಂತರ ಮಾಪಕಗಳ ಆಧಾರದಲ್ಲಿ ಪಾಲುಗಳನ್ನು ಕೊಳ್ಳುವ ಮಾರುವ ವ್ಯವಸ್ಥೆ ನಡೆಯಿತು. ದೂಳು ಶೇಕಡಾ 20ರಿಂದ 30ರಷ್ಟು ಇಳಿದದ್ದು ದಾಖಲಾಗಿದೆ. ಮಾಲಿನ್ಯವನ್ನು ಸರಕಾಗಿಸಿ ಮಾರುವುದು ಸರಿಯೇ ಎಂಬ ವಾದ ಬೇರೆ, ಅದನ್ನು ಬೇರೆಯೇ ಆಡಬೇಕು. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಭಾರತದ ಸಣ್ಣ ಬಾಯ್ಲರುಗಳ ಚಿಮಣಿಯಲ್ಲೂ ಹೊರೆ ಅಳೆಯಲು ಬರುತ್ತದೆ.

ಅಳೆದರೂ ಕಾನೂನು ಅದನ್ನು ಕೇಳಬೇಕಲ್ಲ. 1981ರ ವಾಯು ಕಾಯ್ದೆಯ 26ನೆಯ ಕಲಮಿನ ಪ್ರಕಾರ ಅಧಿಕಾರಿ ನೋಟಿಸ್ ಕೊಟ್ಟು, ಮಾದರಿ ತೆಗೆದು, ಡಬ್ಬಿಗೆ ಹಾಕಿ, ಮೊಹರು ಒತ್ತಿ, ಸಹಿಯೊಡನೆ ಪ್ರಯೋಗಾಲಯಕ್ಕೆ ಕಳಿಸಿದರೆ ಮಾತ್ರ ಆ ವಿಶ್ಲೇಷಣೆ ನ್ಯಾಯಾಲಯದಲ್ಲಿ ಸಾಕ್ಷ್ಯ. ಆ ಕಾಯ್ದೆ ಬರೆದಾಗ ಚಿಮಣಿಯಿಂದ ಕಂಪ್ಯೂಟರಿಗೆ ಅಂಕಿ ಹರಿಯುವ ಕಾಲ ಇರಲಿಲ್ಲ. ಈಗ ಇದೆ, ಆದರೆ ಕಲಮು ಹಾಗೆಯೇ ಇದೆ. ಹೀಗಾಗಿ ಮಿತಿ ಮೀರಿದ ಅಂಕಿ ಮೊಬೈಲಿಗೆ ಸಂದೇಶವಾಗಿ ಹೋಗುತ್ತದೆ, ಕಟಕಟೆಗೆ ಹೋಗುವುದಿಲ್ಲ. ನಿರಂತರ ನಿಗಾ ಎಂಬುದನ್ನು ಅಧಿಕೃತ ಭಾಷೆಯಲ್ಲಿ ಉದ್ಯಮದ ‘ಸ್ವಯಂ ನಿಗಾ’ ಎನ್ನುತ್ತಾರೆ. ಅತ್ತ ಜನವಿಶ್ವಾಸ ಕಾಯ್ದೆಯ ತಿದ್ದುಪಡಿಗಳು 2024ರ ಏಪ್ರಿಲ್‌ನಿಂದ ಜಾರಿಗೆ ಬಂದು, ವಾಯು ಕಾಯ್ದೆಯ ಮುಖ್ಯ ಉಲ್ಲಂಘನೆಗಳಿಗಿದ್ದ ಜೈಲುಶಿಕ್ಷೆಯ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಯಾರ ಮೇಲೆ ಯಾರ ವಿಶ್ವಾಸವೆಂದು ಹೆಸರಿನಿಂದ ತಿಳಿಯುವುದಿಲ್ಲ.

2025ರ ಜುಲೈಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಡಲಾಯಿತು. ಎರಡು ವರ್ಷದೊಳಗೆ ಪಾಲಿಸಬೇಕೆಂದು 2015ರಲ್ಲಿ ವಿಧಿಸಿದ್ದ ಗಂಧಕದ ಡೈಆಕ್ಸೈಡ್ ಮಿತಿಯನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ ಕಲ್ಲಿದ್ದಲು ಘಟಕಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಪಾಲಿಗೆ ಅದು ಅನ್ವಯಿಸುವುದಿಲ್ಲವೆಂದು ಸಾರಲಾಯಿತು. ಶರತ್ತೊಂದಿದೆ: ಚಿಮಣಿ ನಿಗದಿತ ಎತ್ತರವಿರಬೇಕು. ಮತ್ತೆ ಅದೇ ಎತ್ತರದ ಸೂತ್ರ! ಅಳೆಯಬೇಡ, ಎತ್ತರಕ್ಕೆ ಎಸೆ.

ಎಸೆದದ್ದು ಎಲ್ಲಿ ಬೀಳುತ್ತದೆ? ಪಶ್ಚಿಮ ಕರಾವಳಿಯ ನಕ್ಷೆ ನೋಡಿದವರಿಗೆ ಉತ್ತರ ಗೊತ್ತು. ಸಮುದ್ರದ ಗಾಳಿ ಹಗಲಿಡೀ ಪೂರ್ವಕ್ಕೆ ಬೀಸುತ್ತದೆ. ಪೂರ್ವದಲ್ಲಿ ಗೋಡೆಯಂತೆ ಘಟ್ಟ ನಿಂತಿದೆ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಉಷ್ಣ ಸ್ಥಾವರ ಆಮದು ಕಲ್ಲಿದ್ದಲಿನಿಂದ ನಡೆಯುತ್ತದೆ. ಅದರ ಸುತ್ತಲಿನ ಕೃಷಿಕರು ವರ್ಷಗಳ ಕಾಲ ಎತ್ತಿದ ದೂರುಗಳಲ್ಲಿ ಬೂದಿಯೊಂದಿಗೆ ಉಪ್ಪೂ ಇತ್ತು. ಸಮುದ್ರದ ನೀರನ್ನು ತಣಿಸುವ ಗೋಪುರಗಳಿಂದ ತೂರಿಬರುವ ಉಪ್ಪು ಹನಿಗಳು ಬೆಳೆ ಕೆಡಿಸುತ್ತಿವೆ ಎಂಬುದು ಅವರ ಅಳಲು. ಸ್ಥಳೀಯ ಸಂಘಟನೆಯ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ 2022ರಲ್ಲಿ 52 ಕೋಟಿ ರೂಪಾಯಿಯ ಪರಿಸರ ಪರಿಹಾರಕ್ಕೆ ಆದೇಶಿಸಿತು. ಆ ಮೊತ್ತ ಸಾಕೋ ಹೆಚ್ಚೋ ಎಂಬ ವಾದ ಬದಿಗಿರಲಿ. ಯಾವ ಚಿಮಣಿಯ ಫಲಕದಲ್ಲೂ ಉಪ್ಪಿನ ಕಾಲಂ ಇರುವುದಿಲ್ಲ. ಅಳೆಯದೇ ಇರುವುದನ್ನು ಮೊದಲು ಕಂಡವರು ರೈತರೇ. ಘಟ್ಟದ ಮರಗಳ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು ಗಂಧಕದ ಡೈಆಕ್ಸೈಡಿಗೆ ಬಹಳ ಸೂಕ್ಷ್ಮ. ಗಡ್ಡದಂತೆ ಜೋತುಬೀಳುವ ಜಾತಿಗಳು ಎಲ್ಲಕ್ಕಿಂತ ಮೊದಲು ಮಾಯವಾಗುತ್ತವೆ. ಅದಕ್ಕೆ ಗುಣಾಂಕ ಬರೆಯಲು ಮಾರಾಟಗಾರನ ಇಂಜಿನಿಯರು ಬರುವುದಿಲ್ಲ. ಆದರೆ ಕಲ್ಲುಹೂವನ್ನು ನ್ಯಾಯಾಲಯ ಮಾಪಕವೆಂದು ಒಪ್ಪುವುದೂ ಇಲ್ಲ. ಮಾಪಕ ಬೇಕೇ ಬೇಕು.

ಚಳವಳಿಯೊಳಗಿನ ಒಂದು ಧೋರಣೆಯನ್ನು ಈ ಕಾರಣಕ್ಕೇ ಟೀಕಿಸಬೇಕಾಗಿದೆ. ಯಂತ್ರಗಳೆಲ್ಲ ಕಂಪನಿಯವು, ಅಂಕಿಗಳೆಲ್ಲ ಸುಳ್ಳು, ಜನರ ಅನುಭವವೇ ಸಾಕು ಎಂದು ವೇದಿಕೆಯಲ್ಲಿ ಗುಡುಗುವುದು ಸುಲಭ, ಚಪ್ಪಾಳೆಯೂ ಸಿಗುತ್ತದೆ. ಅದರಿಂದ ಅತ್ಯಂತ ಸಂತೋಷಪಡುವವರು ಕಾರ್ಖಾನೆಯವರೇ. ಅಂಕಿಯ ಅಖಾಡವನ್ನು ಎದುರಾಳಿ ಖಾಲಿ ಬಿಟ್ಟು ಹೋದರೆ ಅವರಿಗಿನ್ನೇನು ಬೇಕು? ಹಾಲಿನ ಸಂಘದ ಲ್ಯಾಕ್ಟೋಮೀಟರ್ ತಪ್ಪು ತೋರಿಸಿದಾಗ ರೈತರು ಅದನ್ನು ಒಡೆದುಹಾಕಲಿಲ್ಲ. ಇನ್ನೊಂದನ್ನು ತಂದು ಪಕ್ಕದಲ್ಲಿಟ್ಟು ನೋಡೋಣ ಎಂದರು.

ಪಕ್ಕದಲ್ಲಿಟ್ಟು ನೋಡುವ ದಾರಿಗಳು ಇವೆ. ಮಂಡಳಿಗಳು ಚಿಮಣಿಯ ಹೊತ್ತುಹೊತ್ತಿನ ಅಂಕಿಗಳನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಫೆಬ್ರವರಿ 22ರಂದು ಪರ್ಯಾವರಣ ಸುರಕ್ಷಾ ಸಮಿತಿಯ ಪ್ರಕರಣದಲ್ಲಿ ಹೇಳಿದೆ. ಆ ಅಂಕಿಗಳ ಜೊತೆಗೆ ಹರಿವನ್ನೂ, ಆಮ್ಲಜನಕವನ್ನೂ, ಉಷ್ಣತೆಯನ್ನೂ ಪ್ರಕಟಿಸಬೇಕೆಂದು ಒತ್ತಾಯಿಸಲು ಹೊಸ ಕಾಯ್ದೆ ಬೇಡ. ಮಾಪಕವನ್ನು ಕೊನೆಯ ಬಾರಿ ಯಾರು, ಯಾವ ದಿನ, ಯಾವ ಇಂಧನ ಉರಿಯುತ್ತಿದ್ದಾಗ ಸರಿಹೊಂದಿಸಿದರು, ಗುಣಾಂಕ ಎಷ್ಟು ಬರೆದರು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿಯಲ್ಲಿ ಮಂಡಳಿಗೆ ಕೇಳಬಹುದು. ಹರಿವುಮಾಪಕ ಎಲ್ಲಿ ಕೂತಿದೆ ಎಂದೂ ಕೇಳಬೇಕು: ಬಾಗಿನಿಂದ ಚಿಮಣಿಯ ವ್ಯಾಸದ ಎಂಟು ಪಟ್ಟು ಮೇಲೆ, ತುದಿಯಿಂದ ಎರಡು ಪಟ್ಟು ಕೆಳಗೆ ಇರಬೇಕೆಂಬುದು ಮಾದರಿ ತೆಗೆಯುವ ಜಾಗದ ಹಳೆಯ ನಿಯಮ. ಯಂತ್ರದ ಮೇಲ್ಮಿತಿ ಎಷ್ಟೆಂಬುದನ್ನೂ ಬಿಡಬಾರದು. 100ರವರೆಗೆ ಮಾತ್ರ ಓದಬಲ್ಲ ಯಂತ್ರಕ್ಕೆ 400 ಕಾಣುವುದಿಲ್ಲ.

ಹೊಸ ಯೋಜನೆ ಬರುವ ಊರುಗಳಲ್ಲಿ ಇನ್ನೊಂದು ಅವಕಾಶವಿದೆ. 2006ರ ಸೆಪ್ಟೆಂಬರಿನ ಪರಿಸರ ಪರಿಣಾಮ ಅಧಿಸೂಚನೆಯಂತೆ ನಡೆಯುವ ಸಾರ್ವಜನಿಕ ಅಹವಾಲು ಸಭೆಯಲ್ಲಿ ಭಾಷಣಕ್ಕೆ ಬದಲಾಗಿ ಒಂದೇ ಪ್ರಶ್ನೆಯನ್ನು ಲಿಖಿತವಾಗಿ ಕೊಡಬೇಕು: ಈ ಚಿಮಣಿಯಿಂದ ವರ್ಷಕ್ಕೆ ಒಟ್ಟು ಎಷ್ಟು ಟನ್ ದೂಳು, ಎಷ್ಟು ಟನ್ ಗಂಧಕದ ಡೈಆಕ್ಸೈಡ್ ಹೊರಬೀಳುತ್ತದೆ, ಮತ್ತು ಅದನ್ನು ಅಳೆಯುವವನಿಗೆ ಸಂಬಳ ಕೊಡುವವರು ಯಾರು? ಆ ಪ್ರಶ್ನೆಯೂ ಕಂಪನಿಯ ಉತ್ತರವೂ ನಡಾವಳಿಯಲ್ಲಿ ದಾಖಲಾಗಬೇಕು; ಸಭೆ ಮುಗಿಯುವ ಮೊದಲು ಅದನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲರಿಗೂ ಓದಿಹೇಳಬೇಕು; ಆಮೇಲಷ್ಟೇ ಜಿಲ್ಲಾಧಿಕಾರಿಯ ಸಹಿ ಬೀಳಬೇಕೆಂದು ಅದೇ ಅಧಿಸೂಚನೆ ವಿಧಿಸುತ್ತದೆ. ಓದಿಹೇಳುವವರೆಗೂ ಯಾರೂ ಎದ್ದು ಹೋಗಬಾರದು.